ಕಟರ್‌ನ ಆಕಾರ ಗ್ರೂವ್‌ನ ಆಕಾರವಲ್ಲ: ಸ್ಕ್ರೂ ರೋಟರ್ ಮಿಲ್ಲಿಂಗ್‌ನ ಒಳಲೆಕ್ಕ

ಬೋರ್‌ವೆಲ್ ಲಾರಿ ಊರಿಗೆ ಬಂದಾಗ ಎಲ್ಲರ ಕಣ್ಣು ನೆಲಕ್ಕಿಳಿಯುವ ರಾಡ್‌ಗಳ ಮೇಲೇ ಇರುತ್ತದೆ. ನಿಜವಾದ ದುಡಿಮೆ ನಡೆಯುವುದು ಪಕ್ಕದಲ್ಲಿ ಗುಡುಗುವ ಕಂಪ್ರೆಸರ್‌ನಲ್ಲಿ. ಬಿಟ್‌ನ ಹಿಂದಿನ ಸುತ್ತಿಗೆಯನ್ನು ಬಡಿಸುವುದೂ ಅದರ ಗಾಳಿಯೇ, ಪುಡಿಯಾದ ಕಲ್ಲನ್ನು ನೂರಾರು ಅಡಿ ಆಳದಿಂದ ಮೇಲಕ್ಕೆ ಊದುವುದೂ ಅದರ ಗಾಳಿಯೇ. ಈ ಕಂಪ್ರೆಸರ್‌ಗಳ ಹೊಟ್ಟೆಯಲ್ಲಿ ಪಿಸ್ಟನ್ ಇರುವುದಿಲ್ಲ. ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಎರಡು ದಪ್ಪ ಸ್ಕ್ರೂಗಳಿರುತ್ತವೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸೇರುತ್ತ ಹೋದ ಹಾಗೆ ನಡುವೆ ಸಿಕ್ಕಿಬಿದ್ದ ಗಾಳಿಯ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಉಬ್ಬಿರುವುದಕ್ಕೆ ಮೇಲ್ ರೋಟರ್ ಎಂದೂ ತಗ್ಗಿರುವುದಕ್ಕೆ ಫೀಮೇಲ್ ರೋಟರ್ ಎಂದೂ ಹೆಸರು. ಸುರುಳಿಯಾಗಿ ಸುತ್ತುವ ಒಂದೊಂದು ಏಣಿಗೂ ಲೋಬ್ ಎನ್ನುತ್ತಾರೆ. ಬಹಳ ಕಾಲ ನಡೆದು ಬಂದ ಜೋಡಿ ಎಂದರೆ ಮೇಲ್‌ಗೆ 4 ಲೋಬ್, ಫೀಮೇಲ್‌ಗೆ 6.

ಎರಡರ ನಡುವೆ ಬಿಡುವ ಸಂದು ಕೆಲವು ಹತ್ತು ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. ಸಂದು ಹೆಚ್ಚಾದರೆ ಒತ್ತಿದ ಗಾಳಿ ಹಿಂದಕ್ಕೆ ಸೋರುತ್ತದೆ, ಸೋರಿದ್ದನ್ನು ಮತ್ತೆ ಒತ್ತಲು ಡೀಸೆಲ್ ಸುಡಬೇಕು. ಸಂದು ತೀರ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ರೋಟರ್‌ಗಳು ಒಂದನ್ನೊಂದು ಕಚ್ಚಿ ಹಿಡಿದು ಸೀಜ್ ಆಗುತ್ತವೆ. ಹಾಗಾಗಿ ಲೋಬ್‌ಗಳ ನಡುವೆ ಉದ್ದಕ್ಕೂ ತಿರುಚಿಕೊಂಡು ಹೋಗುವ ತಗ್ಗನ್ನು, ಅಂದರೆ ಗ್ರೂವನ್ನು, ಕೆಲವೇ ಮೈಕ್ರಾನ್‌ಗಳ ನಿಖರತೆಯಲ್ಲಿ ಕತ್ತರಿಸಬೇಕು. ಅದಕ್ಕೆ ಎಂಥ ಕಟರ್ ಬೇಕು, ಆ ಕಟರ್ ಕತ್ತರಿಸಿದಾಗ ನಿಜವಾಗಿ ಏನು ಸಿಗುತ್ತದೆ ಎಂಬುದನ್ನು ಮೆಷಿನ್ ಮುಟ್ಟುವ ಮೊದಲೇ ಲೆಕ್ಕ ಹಾಕಿ ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಸ್ಕ್ರೂ ಕಂಪ್ರೆಸರ್‌ನ ಕಲ್ಪನೆ ಹಳೆಯದು. ಜರ್ಮನಿಯ ಹೈನ್‌ರಿಷ್ ಕ್ರಿಗಾರ್ 1878ರಲ್ಲೇ ಇದರ ಪೇಟೆಂಟ್ ಪಡೆದಿದ್ದ. ಅದನ್ನು ದುಡಿಯುವ ಯಂತ್ರವಾಗಿಸಿದ್ದು 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಶೋಲ್ಮ್. ನಡುವಿನ ಅರ್ಧ ಶತಮಾನ ಕಲ್ಪನೆ ಏಕೆ ಕಾಗದದ ಮೇಲೆಯೇ ಉಳಿಯಿತು ಎಂದು ಯೋಚಿಸಿದರೆ, ಕತ್ತರಿಸುವ ದಾರಿ ಇಲ್ಲದ್ದು ದೊಡ್ಡ ಕಾರಣ ಎಂಬುದು ನನ್ನ ಎಣಿಕೆ. ಚಿತ್ರ ಬರೆದವರಿಗೆ ಕೊರತೆ ಇರಲಿಲ್ಲ. ಲಿಶೋಲ್ಮ್‌ನ ಕೆಲಸ ಮುಂದುವರಿಸಿದ ಸ್ವೀಡಿಷ್ ಕಂಪನಿ ಎಸ್‌ಆರ್‌ಎಂ, ಇಂಗ್ಲೆಂಡಿನ ಹೋಲ್‌ರಾಯ್ಡ್ 1950ರ ದಶಕದಿಂದ ಕಟ್ಟಿದ ರೋಟರ್ ಮಿಲ್ಲಿಂಗ್ ಮೆಷಿನ್‌ಗಳು, ಇವೆರಡೂ ಕೂಡಿದ ಮೇಲೆಯೇ ಸ್ಕ್ರೂ ಕಂಪ್ರೆಸರ್ ಕಾರ್ಖಾನೆಗಳಿಗೆ ಹರಡಿತು. ಇವತ್ತು ಪೀಣ್ಯದ ವರ್ಕ್‌ಶಾಪ್‌ಗಳ ಹಿಂಬದಿಯಲ್ಲಿ ಗುಂಯ್‌ಗುಡುವ ಪೆಟ್ಟಿಗೆಗಳಲ್ಲಿ ಬಹಳಷ್ಟು ಇವೇ. ರೋಟರನ್ನು ತಾನೇ ಕತ್ತರಿಸಿಕೊಳ್ಳುವ ಭಾರತೀಯ ಕಂಪನಿಗಳಲ್ಲಿ ಕೊಯಮತ್ತೂರಿನ ಎಲ್ಜಿ ಒಂದು.

ಮೆಷಿನ್‌ನಲ್ಲಿ ನಡೆಯುವುದು ನೋಡಲು ಸರಳ. ದೊಡ್ಡ ತಟ್ಟೆಯಂಥ ಕಟರ್, ಅದರ ಅಂಚಿನ ಸುತ್ತ ಬ್ಲೇಡ್‌ಗಳು. ಕಟರ್ ತನ್ನ ಸ್ಪಿಂಡಲ್ ಮೇಲೆ ತಿರುಗುತ್ತದೆ. ಜಾಬ್, ಅಂದರೆ ರೋಟರ್ ಆಗಬೇಕಾದ ಲೋಹದ ತುಂಡು, ನಿಧಾನವಾಗಿ ತಿರುಗುತ್ತ ಉದ್ದಕ್ಕೆ ಸರಿಯುತ್ತದೆ. ಜಾಬ್ ಒಂದು ಪೂರ್ತಿ ಸುತ್ತು ತಿರುಗುವಷ್ಟರಲ್ಲಿ ಎಷ್ಟು ಸರಿಯಬೇಕೋ ಅದೇ ಲೀಡ್. ಗ್ರೂವ್ ಓರೆಯಾಗಿ ಹೋಗುವುದರಿಂದ ಕಟರನ್ನೂ ಅಷ್ಟೇ ಓರೆಯಾಗಿ ನಿಲ್ಲಿಸಬೇಕು. ಇಲ್ಲಿಯವರೆಗೆ ಯಾರಿಗೂ ಗೊಂದಲವಿಲ್ಲ.

ಗೊಂದಲ ಶುರುವಾಗುವುದು "ಅಷ್ಟೇ ಓರೆ" ಎಂದರೆ ಎಷ್ಟು ಎಂದು ಕೇಳಿದಾಗ. ಒಂದು ಮೇಲ್ ರೋಟರ್ ತೆಗೆದುಕೊಳ್ಳೋಣ. ಹೊರ ವ್ಯಾಸ 200 ಮಿ.ಮೀ., ಗ್ರೂವ್‌ನ ತಳದ ವ್ಯಾಸ 128 ಮಿ.ಮೀ., ಲೀಡ್ 400 ಮಿ.ಮೀ. ಗ್ರೂವ್ ರೋಟರ್‌ನ ಅಕ್ಷಕ್ಕೆ ಎಷ್ಟು ಓರೆಯಾಗಿದೆ ಎಂಬುದೇ ಹೆಲಿಕ್ಸ್ ಕೋನ. ಅದರ ಟ್ಯಾನ್ ಬೆಲೆ ಎಂದರೆ ಆ ವ್ಯಾಸದ ಸುತ್ತಳತೆಯನ್ನು ಲೀಡ್‌ನಿಂದ ಭಾಗಿಸಿದ್ದು. ತಳದಲ್ಲಿ ಸುತ್ತಳತೆ ಸುಮಾರು 402, ಭಾಗಿಸಿದರೆ 1, ಕೋನ 45 ಡಿಗ್ರಿ. ಹೊರ ಅಂಚಿನಲ್ಲಿ ಸುತ್ತಳತೆ ಸುಮಾರು 628, ಕೋನ 57.5 ಡಿಗ್ರಿ. ಕಂಬದ ಸುತ್ತ ಏರುವ ಸುರುಳಿ ಮೆಟ್ಟಿಲಿನಲ್ಲೂ ಹೀಗೆಯೇ: ಕಂಬದ ಬುಡಕ್ಕೆ ಒತ್ತಿಕೊಂಡು ಹತ್ತಿದರೆ ಕಡಿದು, ಹೊರಗಿನ ಕಟಕಟೆಯ ಕಡೆ ಹತ್ತಿದರೆ ಸಲೀಸು, ಏರುವ ಎತ್ತರ ಮಾತ್ರ ಒಂದೇ. ಅಂದರೆ ಗ್ರೂವ್‌ಗೆ ಒಂದೇ ಓರೆ ಎಂಬುದೇ ಇಲ್ಲ. ತಳದಿಂದ ತುದಿಗೆ ಬರುವಷ್ಟರಲ್ಲಿ ಅದು 12 ಡಿಗ್ರಿಗೂ ಹೆಚ್ಚು ತಿರುಗಿರುತ್ತದೆ. ಕಟರ್ ಮಾತ್ರ ಗಟ್ಟಿ ತಟ್ಟೆ, ಅದನ್ನು ಒಂದೇ ಕೋನದಲ್ಲಿ ನಿಲ್ಲಿಸಲು ಸಾಧ್ಯ.

45 ಡಿಗ್ರಿಗೆ ನಿಲ್ಲಿಸಿದರೆ ತಳದಲ್ಲಿ ತಟ್ಟೆ ಗ್ರೂವ್‌ನ ದಿಕ್ಕಿಗೆ ಸರಿಯಾಗಿ ಕೂರುತ್ತದೆ. ಮೇಲಕ್ಕೆ ಬಂದ ಹಾಗೆ ತಟ್ಟೆಯ ಮುಂದಿನ ಮತ್ತು ಹಿಂದಿನ ಭಾಗಗಳು ಗೋಡೆಗೆ ತಗುಲಿ ಹೆಚ್ಚು ಲೋಹ ತೆಗೆಯುತ್ತವೆ. 300 ಮಿ.ಮೀ. ವ್ಯಾಸದ ಕಟರ್ 36 ಮಿ.ಮೀ. ಆಳಕ್ಕೆ ಇಳಿದರೆ ಅದು ಒಂದು ಬಿಂದುವಿನಲ್ಲಿ ಮಾತ್ರ ಜಾಬ್ ಮುಟ್ಟುವುದಿಲ್ಲ, ಹತ್ತು ಸೆಂಟಿಮೀಟರ್‌ಗೂ ಹೆಚ್ಚು ಉದ್ದಕ್ಕೆ ಗ್ರೂವ್‌ನೊಳಗೆ ಚಾಚಿಕೊಂಡಿರುತ್ತದೆ. ಆ ಉದ್ದಕ್ಕೂ ಗ್ರೂವ್ ತಿರುಚಿಕೊಳ್ಳುತ್ತಲೇ ಇದೆ. ಹಾಗಾಗಿ ಗ್ರೂವ್‌ನ ಅಡ್ಡಕೊಯ್ತವನ್ನು ಅಳೆದು ಅದೇ ಆಕಾರದಲ್ಲಿ ಬ್ಲೇಡ್ ಮಾಡಿಸಿದರೆ ಕತ್ತರಿಸಿ ಬರುವ ಗ್ರೂವ್ ಅದಕ್ಕಿಂತ ಅಗಲವಾಗಿರುತ್ತದೆ, ಆಕಾರವೂ ಕೆಟ್ಟಿರುತ್ತದೆ.

ವರ್ಮ್ ಗೇರ್, ಅಂದರೆ ಹಲ್ಲಿನ ಚಕ್ರವನ್ನು ತಿರುಗಿಸುವ ಸ್ಕ್ರೂ, ಮಾಡುವವರಿಗೆ ಇದು ಗೊತ್ತಿರುವ ಸಂಗತಿ. ನೇರ ಅಂಚಿನ, ಶಂಕುವಿನಂಥ ಬದಿಗಳಿರುವ ತಟ್ಟೆ ಕಟರ್‌ನಿಂದ ಕತ್ತರಿಸಿದ ವರ್ಮ್‌ಗೆ ಜೆಡ್‌ಕೆ ಎಂದು ಹೆಸರು. ಕಟರ್‌ನ ಅಂಚು ನೇರ, ಆದರೆ ಸಿಗುವ ಗೋಡೆ ಸ್ವಲ್ಪ ಉಬ್ಬಿರುತ್ತದೆ. ಅದೇ ನೇರ ಅಂಚಿನ ಟೂಲನ್ನು ಲೇತ್‌ನಲ್ಲಿ ಅಕ್ಷದ ಮಟ್ಟಕ್ಕೆ ಹಿಡಿದು ಕತ್ತರಿಸಿದರೆ ಬೇರೆಯದೇ ಆದ ಜೆಡ್‌ಎ ವರ್ಮ್ ಬರುತ್ತದೆ. ಎರಡಕ್ಕೂ ಟೂಲ್‌ನ ಅಂಚು ನೇರವೇ. ಬದಲಾದದ್ದು ಚಲನೆ ಮಾತ್ರ. ಆಕಾರವನ್ನು ಟೂಲ್ ಒಂದೇ ಕೊಡುವುದಿಲ್ಲ, ಟೂಲ್ ಮತ್ತು ಚಲನೆ ಕೂಡಿ ಕೊಡುತ್ತವೆ. ಈ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ, ಮುಂದಿನದೆಲ್ಲ ಇದರ ಬಿಡಿಸುವಿಕೆ.

ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ

ಬೇಕಾದ ಗ್ರೂವ್ ಗೊತ್ತಿದೆ, ಕಟರ್ ಹುಡುಕಬೇಕು. ಇದಕ್ಕೆ ರೇಖಾಗಣಿತ ಒಂದು ಸುಂದರವಾದ ನಿಯಮ ಕೊಡುತ್ತದೆ. ತಿರುಗುವ ಕಟರ್‌ನ ಮೈ ಒಂದು ಪರಿಭ್ರಮಣ ಮೇಲ್ಮೈ. ಕುಂಬಾರನ ಚಕ್ರದ ಮೇಲೆ ಬರುವಂಥ ಆಕಾರಗಳಿಗೆಲ್ಲ ಒಂದು ಗುಣವಿದೆ: ಮೈಮೇಲಿನ ಯಾವ ಬಿಂದುವಿನಲ್ಲಿ ಲಂಬ ಎಳೆದರೂ ಅದು ಅಕ್ಷವನ್ನು ಸೇರುತ್ತದೆ. ಕಟರ್ ಗ್ರೂವನ್ನು ಮುಟ್ಟುವ ಬಿಂದುವಿನಲ್ಲಿ ಎರಡಕ್ಕೂ ಒಂದೇ ಲಂಬ. ಹಾಗಾದರೆ ಗ್ರೂವ್‌ನ ಮೇಲೆ ಯಾವ ಯಾವ ಬಿಂದುಗಳಲ್ಲಿ ಎಳೆದ ಲಂಬ ಕಟರ್‌ನ ಅಕ್ಷವನ್ನು ಸೇರುತ್ತದೋ ಆ ಬಿಂದುಗಳಲ್ಲಿ ಮಾತ್ರ ಅಂತಿಮ ಕತ್ತರಿಕೆ ನಡೆಯುತ್ತದೆ. ಅಂಥ ಬಿಂದುಗಳನ್ನೆಲ್ಲ ಹುಡುಕಿ ಜೋಡಿಸಿದರೆ ಸಂಪರ್ಕ ರೇಖೆ ಸಿಗುತ್ತದೆ. ಅದು ಸಮತಲದಲ್ಲಿ ಮಲಗುವ ಗೆರೆಯಲ್ಲ, ಮೂರು ಆಯಾಮದಲ್ಲಿ ತಿರುಚಿಕೊಂಡ ಗೆರೆ. ಆ ರೇಖೆಯನ್ನು ಕಟರ್‌ನ ಅಕ್ಷದ ಸುತ್ತ ತಿರುಗಿಸಿದರೆ ಕಟರ್‌ನ ಮೈ ಸಿದ್ಧ. ಗೇರ್‌ಗಳ ಜಗತ್ತಿನಲ್ಲಿ ಇದನ್ನು ಮೆಶಿಂಗ್ ಸಮೀಕರಣ ಎನ್ನುತ್ತಾರೆ: ಮುಟ್ಟುವ ಬಿಂದುವಿನಲ್ಲಿ ಎರಡು ಮೈಗಳ ಸಾಪೇಕ್ಷ ವೇಗ ಲಂಬದ ದಿಕ್ಕಿನಲ್ಲಿ ಸೊನ್ನೆ. ಅಮೆರಿಕದ ಷಿಕಾಗೋದಲ್ಲಿ ನೆಲೆಸಿದ್ದ ಫೇದೋರ್ ಲಿಟ್ವಿನ್ ಈ ಸಿದ್ಧಾಂತವನ್ನು ಕಂಪ್ಯೂಟರ್‌ಗೆ ಒಗ್ಗುವ ಹಾಗೆ ಬೆಳೆಸಿದವರಲ್ಲಿ ಪ್ರಮುಖ.

ಸಮೀಕರಣ ಚೆಂದ, ಆದರೆ ಅದು ಬಿಂದುವಿನ ಪಕ್ಕದ ಇಳಿಜಾರನ್ನು ಮಾತ್ರ ನೋಡುತ್ತದೆ, ದೂರದ್ದು ಅದಕ್ಕೆ ಕಾಣಿಸದು. ಕಟರ್ ಇಲ್ಲಿ ಸರಿಯಾಗಿ ಮುಟ್ಟುತ್ತಿರುವಾಗಲೇ ಅಲ್ಲಿ ಗೋಡೆಯನ್ನು ಕೊರೆಯುತ್ತಿದೆಯೇ ಎಂದು ಅದು ಹೇಳುವುದಿಲ್ಲ. ಪ್ರೊಫೈಲ್‌ನಲ್ಲಿ, ಅಂದರೆ ಗ್ರೂವ್‌ನ ಅಡ್ಡಕೊಯ್ತದ ಗೆರೆಯಲ್ಲಿ, ಮೊನೆಯಿದ್ದರೆ, ಎರಡು ಕಮಾನುಗಳು ಕೋನ ಮಾಡಿ ಸೇರುವ ಕಡೆ, ಅಲ್ಲಿ ಲಂಬವೇ ನೆಗೆಯುತ್ತದೆ. ಲೆಕ್ಕದಿಂದ ಬಂದ ಕಟರ್‌ನ ಗೆರೆ ತನ್ನನ್ನೇ ಅಡ್ಡಹಾಯ್ದು ಗಂಟು ಬೀಳುತ್ತದೆ.

ಅದಕ್ಕೆ ಇನ್ನೊಂದು ದಾರಿಯಿದೆ. ಮೊದಲ ಸಲ ಮಾಡುವವರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ಕಟರನ್ನು ತೆಳುವಾದ ಬಿಲ್ಲೆಗಳ ಅಟ್ಟಿ ಎಂದುಕೊಳ್ಳಿ. ಗ್ರೂವ್‌ನ ಸುರುಳಿ ಮೈಮೇಲೆ ಸಾವಿರಾರು ಬಿಂದುಗಳನ್ನು ಇಡಿ. ಪ್ರತಿ ಬಿಂದುವೂ ಕಟರ್ ಅಕ್ಷದ ಉದ್ದಕ್ಕೆ ಎಲ್ಲಿ ಬೀಳುತ್ತದೆ, ಅಕ್ಷದಿಂದ ಎಷ್ಟು ದೂರ ಇದೆ ಎಂದು ಲೆಕ್ಕ ಹಾಕಿ. ಒಂದೊಂದು ಬಿಲ್ಲೆಯ ಪಾಲಿಗೂ ಅತಿ ಹತ್ತಿರದ ಬಿಂದುವಿನ ದೂರವೇ ಆ ಬಿಲ್ಲೆಯ ತ್ರಿಜ್ಯ. ಅದಕ್ಕಿಂತ ದೊಡ್ಡದಾದರೆ ಉಳಿಯಬೇಕಾದ ಲೋಹವನ್ನು ಕೊರೆದುಬಿಡುತ್ತದೆ. ಇಳಿಜಾರು, ಲಂಬ, ಅವಕಲನ ಯಾವುದೂ ಬೇಡ. ಬಿಂದುಗಳು ಸಾಕಷ್ಟು ಒತ್ತಾಗಿದ್ದರೆ ಹೀಗೆ ಬಂದ ಕಟರ್ ಗೋಡೆ ಕೊರೆಯುವುದಿಲ್ಲ. ಹೆಚ್ಚೆಂದರೆ ಅಲ್ಲಲ್ಲಿ ಲೋಹ ಬಿಟ್ಟುಬರುತ್ತದೆ.

ಎಲ್ಲಿ ಬಿಟ್ಟುಬಂತು ಎಂದು ತಿಳಿಯಲು ಲೆಕ್ಕವನ್ನು ತಿರುಗಿಸಬೇಕು. ಇದೇ ನಿಜವಾದ ಸಿಮ್ಯುಲೇಷನ್: ಕಟರ್ ಗೊತ್ತಿದೆ, ಕತ್ತರಿಸಿದರೆ ಏನು ಬರುತ್ತದೆ? ಇಲ್ಲೊಂದು ಸೊಗಸಾದ ಉಪಾಯವಿದೆ. ಜಾಬ್‌ನ ಅಕ್ಷಕ್ಕೆ ಅಡ್ಡಲಾಗಿ ಒಂದು ಸಮತಲ ಇಡಿ. ಕಟರ್ ಮೇಲಿನ ಒಂದು ಬಿಂದು ಜಾಬ್‌ಗೆ ಸಾಪೇಕ್ಷವಾಗಿ ಸುರುಳಿ ದಾರಿಯಲ್ಲಿ ಹೋಗುವುದರಿಂದ ಆ ಸಮತಲವನ್ನು ಒಂದೇ ಒಂದು ಸಲ ದಾಟುತ್ತದೆ. ಎಲ್ಲಿ ದಾಟುತ್ತದೆ ಎಂಬುದೂ ಸುಲಭ. ಬಿಂದು ಸಮತಲದಿಂದ ಎಷ್ಟು ಮಿ.ಮೀ. ದೂರದಲ್ಲಿದೆಯೋ ಅದನ್ನು ಲೀಡ್‌ನಿಂದ ಭಾಗಿಸಿ 360ರಿಂದ ಗುಣಿಸಿ, ಅಷ್ಟು ಡಿಗ್ರಿ ಹಿಂದಕ್ಕೆ ತಿರುಗಿಸಿದರೆ ಆಯಿತು. ನಮ್ಮ ರೋಟರ್‌ನಲ್ಲಿ 10 ಮಿ.ಮೀ. ದೂರದ ಬಿಂದು 9 ಡಿಗ್ರಿ ತಿರುಗುತ್ತದೆ. ಹೀಗೆ ಕಟರ್‌ನ ಒಂದೊಂದು ವೃತ್ತವೂ ಸಮತಲದ ಮೇಲೆ ಒಂದೊಂದು ಬಾಗಿದ ಗೆರೆಯಾಗಿ ಇಳಿಯುತ್ತದೆ. ನೂರಾರು ವೃತ್ತಗಳನ್ನು ಇಳಿಸಿದರೆ ಗೆರೆಗಳ ಒಂದು ದಟ್ಟ ಜೊಂಪೆ. ಅದರ ಹೊರ ಅಂಚೇ ಕತ್ತರಿಸಿ ಉಳಿಯುವ ಗ್ರೂವ್‌ನ ಅಡ್ಡಕೊಯ್ತ. ಮೂರು ಆಯಾಮದ ಸಮಸ್ಯೆ ಎರಡು ಆಯಾಮಕ್ಕೆ ಇಳಿದುಬಿಡುತ್ತದೆ.

ಈಗ ಎರಡನ್ನೂ ಜೋಡಿಸಿ. ಬೇಕಾದ ಗ್ರೂವ್‌ನಿಂದ ಕಟರ್, ಆ ಕಟರ್‌ನಿಂದ ಮತ್ತೆ ಗ್ರೂವ್. ಹೊರಟದ್ದೂ ತಲುಪಿದ್ದೂ ಒಂದರ ಮೇಲೊಂದು ಇಟ್ಟಾಗ ವ್ಯತ್ಯಾಸ ಒಂದು ಮೈಕ್ರಾನ್‌ನೊಳಗೆ ಬಂದರೆ ಆ ಪ್ರೊಫೈಲ್ ಈ ಕಟರ್‌ನಿಂದ ಸಾಧ್ಯ. ಎಲ್ಲೋ ಒಂದು ಕಡೆ ಹತ್ತಾರು ಮೈಕ್ರಾನ್ ಉಬ್ಬು ಕಂಡರೆ ಆ ಜಾಗಕ್ಕೆ ತಟ್ಟೆ ಕಟರ್ ತಲುಪುವುದೇ ಇಲ್ಲ ಎಂದರ್ಥ. ಆಗ ದಾರಿ ಮೂರು: ಕಟರ್ ವ್ಯಾಸ ಕಡಿಮೆ ಮಾಡುವುದು, ನಿಲ್ಲಿಸುವ ಕೋನ ಬದಲಿಸುವುದು, ಇಲ್ಲವೇ ಪ್ರೊಫೈಲ್ ವಿನ್ಯಾಸ ಮಾಡಿದವರ ಹತ್ತಿರ ಹೋಗಿ ಮೊನೆಯನ್ನು ದುಂಡಗೆ ಮಾಡಿಕೊಡಿ ಎನ್ನುವುದು. ಮೂರನೆಯದು ಬಹಳ ಸಲ ಒಳ್ಳೆಯದು. ಲಂಡನ್ನಿನ ಸಿಟಿ ವಿಶ್ವವಿದ್ಯಾಲಯದಲ್ಲಿ ನಿಕೋಲಾ ಸ್ಟೋಶಿಚ್ ರೂಪಿಸಿದ ಎನ್ ಪ್ರೊಫೈಲ್‌ನಂಥವು ರ‍್ಯಾಕ್‌ನಿಂದ, ಅಂದರೆ ನೇರವಾಗಿ ಬಿಡಿಸಿಟ್ಟಂಥ ಹಲ್ಲಿನ ಪಟ್ಟಿಯಿಂದ, ಹುಟ್ಟಿಸಿದ ಗೆರೆಗಳು. ವಿನ್ಯಾಸದ ಹೊತ್ತಿನಲ್ಲೇ ಕತ್ತರಿಕೆಯನ್ನೂ ನೆನಪಿಟ್ಟುಕೊಂಡರೆ ಮುಂದೆ ಎಷ್ಟೋ ತಲೆನೋವು ತಪ್ಪುತ್ತದೆ.

ಈ ಎರಡೂ ಲೆಕ್ಕಗಳನ್ನು ಪೈಥಾನ್‌ನಲ್ಲಿ ಬರೆಯಲು ಇಂಜಿನಿಯರಿಂಗ್ ಎರಡನೇ ವರ್ಷದ ಗಣಿತ ಸಾಕು. ನಮ್ಮ ಕಾಲೇಜುಗಳ ಮೆಕ್ಯಾನಿಕಲ್ ಲ್ಯಾಬ್‌ಗಳಲ್ಲಿ ಮೆಷಿನ್‌ಗೆ ಟೂಲ್‌ನ ದಾರಿ ಬರೆದುಕೊಡುವ ಕ್ಯಾಮ್ ಸಾಫ್ಟ್‌ವೇರ್‌ನ ಬಟನ್‌ಗಳನ್ನು ಕಲಿಸುತ್ತಾರೆ. ಅದು ಬೇಕು, ಕೆಲಸ ಸಿಗುವುದೂ ಅದರಿಂದಲೇ. ಆದರೆ ಒಂದು ಗ್ರೂವ್‌ಗೆ ಒಂದು ಕಟರನ್ನು ತಾನೇ ಲೆಕ್ಕ ಹಾಕಿ, ಮತ್ತೆ ಗ್ರೂವಿಗೆ ಮರಳಿ, ತಪ್ಪು ಎಲ್ಲಿ ಉಳಿಯಿತು ಎಂದು ಕಣ್ಣಾರೆ ಕಂಡ ವಿದ್ಯಾರ್ಥಿ ಬೇರೆಯೇ ಥರ ಯೋಚಿಸುತ್ತಾನೆ. ಇಂಥ ಒಂದು ಅಭ್ಯಾಸ ಪ್ರತಿ ವಿದ್ಯಾರ್ಥಿಗೂ ಸಿಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಪರದೆಯ ಮೇಲೆ ಬಣ್ಣಬಣ್ಣವಾಗಿ ಲೋಹ ಕರಗುತ್ತ ಹೋಗುವ ಸಿಮ್ಯುಲೇಷನ್ ಇದೆಯಲ್ಲ, ಅದು ಸಾಲದೇ ಎಂದು ಯಾರಾದರೂ ಕೇಳಬಹುದು. ಆ ಸಾಫ್ಟ್‌ವೇರ್‌ಗಳು ಜಾಬ್ ಅನ್ನು ಸಣ್ಣ ಸಣ್ಣ ಘನಗಳಾಗಿ, ಅಥವಾ ಒತ್ತಾಗಿ ನಿಂತ ಕಡ್ಡಿಗಳಾಗಿ ಒಡೆದುಕೊಂಡು, ಟೂಲ್ ಹೋದ ಕಡೆ ಅವನ್ನು ಅಳಿಸುತ್ತವೆ. ನಮ್ಮ ರೋಟರ್ 330 ಮಿ.ಮೀ. ಉದ್ದವಿದೆ ಎಂದುಕೊಳ್ಳಿ. ಅದನ್ನು ಹಿಡಿಸುವ ಪೆಟ್ಟಿಗೆಯನ್ನು 10 ಮೈಕ್ರಾನ್ ಘನಗಳಿಂದ ತುಂಬಲು 13 ಲಕ್ಷ ಕೋಟಿಗೂ ಹೆಚ್ಚು ಘನಗಳು ಬೇಕು. ಸಾಮಾನ್ಯ ಕಂಪ್ಯೂಟರಿನ ನೆನಪಿಗೆ ಅದು ಹಿಡಿಸದು. ಹಾಗಾಗಿ ಅವು ದಪ್ಪ ಘನಗಳಲ್ಲೇ ಕೆಲಸ ಮುಗಿಸುತ್ತವೆ, ಇಲ್ಲವೇ ಬೇಕಾದ ಜಾಗಕ್ಕೆ ಮಾತ್ರ ಸೂಕ್ಷ್ಮ ಜಾಲ ಹಾಕುತ್ತವೆ. ಜಾಬ್ ಹಿಡಿದಿರುವ ಚಕ್‌ಗೆ ಕಟರ್ ಬಡಿಯುತ್ತದೆಯೇ, ಟೂಲ್ ಪಾತ್ ತಪ್ಪಿದೆಯೇ ಎಂಬುದಕ್ಕೆ ಅವು ಚೆನ್ನಾಗಿ ಉತ್ತರ ಕೊಡುತ್ತವೆ. ಗೋಡೆಯಲ್ಲಿ 8 ಮೈಕ್ರಾನ್ ತಪ್ಪಿದೆಯೇ ಎಂಬ ಪ್ರಶ್ನೆಗೆ ಅವುಗಳ ಹಸಿರು ಬಣ್ಣವನ್ನು ನಂಬಬಾರದು.

ಬ್ಲೇಡ್‌ನ ಕಥೆ

ಇಲ್ಲಿಯವರೆಗೆ ಕಟರ್ ಎಂದರೆ ನುಣ್ಣನೆಯ ತಟ್ಟೆ ಎಂದುಕೊಂಡಿದ್ದೆವು. ನಿಜದಲ್ಲಿ ಅದು ಬ್ಲೇಡ್‌ಗಳ ಸಾಲು. ಬ್ಲೇಡ್‌ಗೆ ಹರಿತವಾದ ಅಂಚು ಬೇಕು, ಅಂಚಿನ ಹಿಂದೆ ಲೋಹಕ್ಕೆ ಉಜ್ಜದ ಹಾಗೆ ರಿಲೀಫ್ ಬೇಕು. ಟೂಲ್ ವಿನ್ಯಾಸದ ಅತಿ ಕಷ್ಟದ ಭಾಗ ಇದು.

ಬ್ಲೇಡ್‌ನ ತುದಿಯಲ್ಲಿ 12 ಡಿಗ್ರಿ ರಿಲೀಫ್ ಕೊಟ್ಟಿದ್ದೇವೆ ಎಂದುಕೊಳ್ಳಿ. ಬದಿಗಳಲ್ಲಿ ಸಿಗುವ ರಿಲೀಫ್ ಅಷ್ಟಿರುವುದಿಲ್ಲ. ಬದಿ ಎಷ್ಟು ಕಡಿದಾಗಿದೆಯೋ ಅಷ್ಟು ಕಡಿಮೆ. ಸರಿಸುಮಾರು, ತುದಿ ರಿಲೀಫ್‌ನ ಟ್ಯಾನ್ ಬೆಲೆಯನ್ನು ಬದಿಯ ಕೋನದ ಸೈನ್ ಬೆಲೆಯಿಂದ ಗುಣಿಸಬೇಕು. ಬದಿ ಕಟರ್‌ನ ಸಮತಲಕ್ಕೆ 30 ಡಿಗ್ರಿ ಓರೆಯಿದ್ದರೆ 6 ಡಿಗ್ರಿ ರಿಲೀಫ್ ಸಿಗುತ್ತದೆ, ಪರವಾಗಿಲ್ಲ. 5 ಡಿಗ್ರಿ ಮಾತ್ರ ಓರೆಯಿದ್ದರೆ ಸಿಗುವುದು ಬರೀ 1 ಡಿಗ್ರಿ. ಅಲ್ಲಿ ಬ್ಲೇಡ್ ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚು.

ಅದೇ ಜಾಗಕ್ಕೆ ಇನ್ನೊಂದು ಕಷ್ಟವೂ ಬಂದು ಸೇರುತ್ತದೆ. ಫೀಡ್ ಎಂದರೆ ಕಟರ್‌ನ ಎದುರು ಜಾಬ್ ಸರಿಯುವ ದೂರ. ಪ್ರತಿ ಹಲ್ಲಿಗೆ 0.2 ಮಿ.ಮೀ. ಫೀಡ್ ಕೊಟ್ಟರೆ ತಳದಲ್ಲಿ ಚಿಪ್‌ನ ದಪ್ಪ ಹೆಚ್ಚೆಂದರೆ 0.2 ಮಿ.ಮೀ. ಕಡಿದಾದ ಬದಿಯಲ್ಲಿ ಅದೇ ಫೀಡ್ ಲಂಬ ದಿಕ್ಕಿನಲ್ಲಿ 0.2 ಗುಣಿಸು ಸೈನ್ 5, ಅಂದರೆ 0.017 ಮಿ.ಮೀ. ಆಗುತ್ತದೆ. ಕಾರ್ಬೈಡ್ ಬ್ಲೇಡ್‌ನ ಅಂಚು ಎಷ್ಟೇ ಹರಿತವಿದ್ದರೂ ಸೂಕ್ಷ್ಮವಾಗಿ ನೋಡಿದರೆ ದುಂಡಗೇ ಇರುತ್ತದೆ, ಆ ದುಂಡಿನ ತ್ರಿಜ್ಯವೂ ಹೆಚ್ಚು ಕಡಿಮೆ ಇದೇ ಅಳತೆಯದು. ಅಂಚಿನ ದುಂಡಿಗಿಂತ ತೆಳುವಾದ ಪದರವನ್ನು ಬ್ಲೇಡ್ ಸಿಗಿಯಲಾರದು, ಒತ್ತಿ ಸವರಿಕೊಂಡು ಹೋಗುತ್ತದೆ.

ಚಿಪ್ ತೆಳುವಾದಷ್ಟೇ ಬಲವೂ ಇಳಿಯುತ್ತದೆ ಎಂದುಕೊಳ್ಳುವ ಹಾಗೂ ಇಲ್ಲ. ಜರ್ಮನಿಯ ಓಟೋ ಕೀನ್ಸ್‌ಲೆ 1952ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಲದ ಲೆಕ್ಕಕ್ಕೆ ಬುನಾದಿ. ಚಿಪ್ ತೆಳುವಾದ ಹಾಗೆ ಪ್ರತಿ ಚದರ ಮಿಲಿಮೀಟರ್‌ಗೆ ಬೇಕಾಗುವ ಬಲ ಏರುತ್ತದೆ ಎಂಬುದು ಅದರ ಸಾರ. ಸಿ45 ಥರದ ಮಧ್ಯಮ ಕಾರ್ಬನ್ ಉಕ್ಕಿಗೆ 1 ಮಿ.ಮೀ. ದಪ್ಪದ ಚಿಪ್‌ನಲ್ಲಿ ಚದರ ಮಿಲಿಮೀಟರ್‌ಗೆ ಸುಮಾರು 2,100 ನ್ಯೂಟನ್, ಘಾತ 0.25 ಎಂದು ಹಿಡಿದರೆ, 0.2 ಮಿ.ಮೀ. ಚಿಪ್‌ಗೆ ಸುಮಾರು 3,100 ನ್ಯೂಟನ್, 0.017ಕ್ಕೆ ಸುಮಾರು 5,800 ನ್ಯೂಟನ್. ಕಡಿದಾದ ಬದಿಯಲ್ಲಿ ರಿಲೀಫ್ ಕಡಿಮೆ, ಚಿಪ್ ತೆಳು, ಉಜ್ಜಾಟ ಹೆಚ್ಚು, ಬಿಸಿ ಹೆಚ್ಚು. ಬ್ಲೇಡ್ ಮೊದಲು ಸವೆಯುವುದು ಅಲ್ಲೇ.

ಸವೆದ ಮೇಲೆ ಕಟರನ್ನು ಸ್ವಲ್ಪ ಒಳಕ್ಕೆ ತಳ್ಳಿ ಸರಿಪಡಿಸೋಣ ಎಂದರೆ ಅದೂ ನಡೆಯದು. 5 ಡಿಗ್ರಿ ಬದಿಯಲ್ಲಿ ಗೋಡೆಯಿಂದ 10 ಮೈಕ್ರಾನ್ ತೆಗೆಯಬೇಕಾದರೆ ಕಟರನ್ನು ಸುಮಾರು 115 ಮೈಕ್ರಾನ್ ಒಳಕ್ಕಿಳಿಸಬೇಕು. ಅಷ್ಟರಲ್ಲಿ ತಳ 115 ಮೈಕ್ರಾನ್ ಆಳವಾಗಿ ಹಾಳಾಗಿರುತ್ತದೆ.

ಹಾಗಾಗಿ ಒಳ್ಳೆಯ ಟೂಲ್ ಡಿಸೈನರ್ ಮೊದಲು ನೋಡುವುದು ಪ್ರೊಫೈಲ್‌ನಲ್ಲಿ ಅತಿ ಕಡಿದಾದ ಬಿಂದು ಯಾವುದು ಎಂದು. ಆಮೇಲೆ ಕಟರ್ ನಿಲ್ಲಿಸುವ ಕೋನವನ್ನೂ, ಅಕ್ಷಗಳ ನಡುವಿನ ದೂರವನ್ನೂ, ಕಟರ್ ವ್ಯಾಸವನ್ನೂ ಬದಲಿಸುತ್ತ ಸಿಮ್ಯುಲೇಷನ್ ಓಡಿಸಿ, ಎರಡೂ ಬದಿಗಳ ಕಡಿದು ಸಾಧ್ಯವಾದಷ್ಟು ಹಂಚಿಕೆಯಾಗುವ ಜಾಗ ಹುಡುಕುತ್ತಾನೆ. ಇವತ್ತಿನ ರೋಟರ್‌ಗಳ ಪ್ರೊಫೈಲ್ ಎಡ ಬಲ ಒಂದೇ ಥರ ಇರುವುದಿಲ್ಲ. ಗಾಳಿ ಸೋರುವ ಸಣ್ಣ ತ್ರಿಕೋನ ಕಿಂಡಿಯನ್ನು ಕಿರಿದಾಗಿಸಲೆಂದೇ ಒಂದು ಬದಿಯನ್ನು ಬೇರೆ ಮಾಡಿರುತ್ತಾರೆ. ಹಾಗಾಗಿ ಒಂದು ಬದಿಗೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದಾಗುತ್ತದೆ. ಹೆಲಿಕ್ಸ್ ಕೋನಕ್ಕೆ ಸರಿಯಾಗಿ ನಿಲ್ಲಿಸಿದರೆ ಸಾಕು ಎಂಬ ರೂಢಿಯ ಮಾತು ಇಲ್ಲಿ ಸೋಲುತ್ತದೆ. ಒಂದೆರಡು ಡಿಗ್ರಿ ಆಚೀಚೆ ಮಾಡಿದಾಗ ಬ್ಲೇಡ್‌ನ ಆಯಸ್ಸು ಎಷ್ಟೋ ಬದಲಾಗಬಹುದು.

ಇನ್ನು ಹಲ್ಲುಗಳ ಹಂಚಿಕೆ. ಒಂದೇ ಬ್ಲೇಡ್ ಇಡೀ ಗ್ರೂವ್‌ನ ಅಂಚನ್ನು, ಉದಾಹರಣೆಗೆ 100 ಮಿ.ಮೀ. ಉದ್ದವನ್ನು, ಸರಾಸರಿ 0.05 ಮಿ.ಮೀ. ದಪ್ಪಕ್ಕೆ ಕತ್ತರಿಸುತ್ತದೆ ಎಂದಾದರೆ ಕೀನ್ಸ್‌ಲೆ ಲೆಕ್ಕದಲ್ಲಿ ಬಲ ಸುಮಾರು 22,000 ನ್ಯೂಟನ್. ಎರಡು ಟನ್‌ಗೂ ಮೀರಿದ ಭಾರ, ಅದೂ ಹಲ್ಲು ಹಲ್ಲಿಗೂ ಬಡಿತದಂತೆ. ಅದಕ್ಕೇ ಮೊದಲ ಒರಟು ಕತ್ತರಿಕೆ ಮಾಡುವ ರಫಿಂಗ್ ಕಟರ್‌ಗಳಲ್ಲಿ ಸಣ್ಣ ಸಣ್ಣ ಕಾರ್ಬೈಡ್ ಇನ್ಸರ್ಟ್‌ಗಳನ್ನು ಹಿಂದೆ ಮುಂದೆ ಸರಿಸಿ ಕೂರಿಸುತ್ತಾರೆ. ಒಂದು ತಳದ ತುಣುಕನ್ನು ನೋಡಿಕೊಂಡರೆ ಇನ್ನೊಂದು ಎಡ ಗೋಡೆಯದನ್ನು, ಮತ್ತೊಂದು ಬಲ ಗೋಡೆಯದನ್ನು. ಯಾವ ಹೊತ್ತಿನಲ್ಲೂ ಬಲ ಒಟ್ಟಿಗೆ ಏರದ ಹಾಗೆ ಜೋಡಿಸುವುದಕ್ಕೆ ಹಲ್ಲು ಹಲ್ಲಿನ ಬಲ ತೋರಿಸುವ ಸಿಮ್ಯುಲೇಷನ್ ಬೇಕು. ಫೀಮೇಲ್ ರೋಟರ್‌ನಲ್ಲಿ ಇದು ಇನ್ನೂ ನಾಜೂಕು, ಏಕೆಂದರೆ ಅದರ ಲೋಬ್‌ಗಳು ತೆಳು. ಒಂದು ಬದಿಯ ಗ್ರೂವ್ ಆಗಲೇ ಖಾಲಿಯಾಗಿದ್ದು ಇನ್ನೊಂದು ಬದಿಯಲ್ಲಿ ಕತ್ತರಿಸುವಾಗ ಲೋಬ್ ಬಾಗುತ್ತದೆ, ಕಟರ್ ದಾಟಿದ ಮೇಲೆ ಮರಳಿ ನೆಟ್ಟಗಾಗುತ್ತದೆ, ಅಷ್ಟು ಲೋಹ ಕತ್ತರಿಸದೆ ಉಳಿಯುತ್ತದೆ. ಚ್ಯಾಟರ್ ಎಂದು ಶಾಪ್‌ನಲ್ಲಿ ಕರೆಯುವ ಕಂಪನದ ಲೆಕ್ಕವೂ ಇದರ ಬೆನ್ನಿಗೇ ಬರುತ್ತದೆ. ಮಿಲ್ಲಿಂಗ್‌ನಲ್ಲಿ ಯಾವ ವೇಗಕ್ಕೆ ಯಾವ ಆಳ ಸುರಕ್ಷಿತ ಎಂದು ಹೇಳುವ ವಿಧಾನವನ್ನು ಯೂಸುಫ್ ಅಲ್ತಿನ್ತಾಶ್ ಮತ್ತು ಎರ್ಹಾನ್ ಬುಡಕ್ 1995ರಲ್ಲಿ ಪ್ರಕಟಿಸಿದರು. ಆ ವಿಷಯಕ್ಕೆ ಬೇರೆಯೇ ಲೇಖನ ಬೇಕು.

ಕೊನೆಯ ನಯ ಕತ್ತರಿಕೆಯಾದ ಫಿನಿಶಿಂಗ್‌ನಲ್ಲಿ ಬಲಕ್ಕಿಂತ ರನ್‌ಔಟ್, ಅಂದರೆ ಬ್ಲೇಡ್‌ಗಳ ಎತ್ತರದ ಏರುಪೇರು, ದೊಡ್ಡ ಶತ್ರು. ನಮ್ಮ 300 ಮಿ.ಮೀ. ಕಟರ್‌ನಲ್ಲಿ ಫಿನಿಶ್ ಮಾಡುವ 20 ಬ್ಲೇಡ್‌ಗಳಿವೆ, ಹಲ್ಲಿಗೆ 0.2 ಮಿ.ಮೀ. ಫೀಡ್. ಎಲ್ಲವೂ ಒಂದೇ ಎತ್ತರದಲ್ಲಿದ್ದರೆ ಗ್ರೂವ್‌ನ ತಳದಲ್ಲಿ ಉಳಿಯುವ ಅಲೆಯ ಎತ್ತರ ಒಂದು ಮೈಕ್ರಾನ್‌ನ ಹತ್ತನೇ ಒಂದು ಪಾಲೂ ಇಲ್ಲ. ಒಂದು ಬ್ಲೇಡ್ ಮಾತ್ರ 0.03 ಮಿ.ಮೀ. ಹೊರಗೆ ನಿಂತಿದೆ ಎಂದುಕೊಳ್ಳಿ. ಆಗ ಮೈಯ ಅಂತಿಮ ರೂಪ ಬರೆಯುವುದು ಅದೊಂದೇ. ಉಳಿದ 19 ಬ್ಲೇಡ್‌ಗಳು ಲೋಹ ತೆಗೆದರೂ ಗುರುತು ಉಳಿಸುವುದಿಲ್ಲ. ಅದರ ಪಾಲಿಗೆ ಫೀಡ್ 0.2 ಅಲ್ಲ, ಕಟರ್‌ನ ಒಂದು ಪೂರ್ತಿ ಸುತ್ತಿನದು, ಅಂದರೆ 4 ಮಿ.ಮೀ. ಅಲೆಯ ಎತ್ತರ ಫೀಡ್‌ನ ವರ್ಗಕ್ಕೆ ಏರುತ್ತದೆ, 20 ಪಟ್ಟು ಫೀಡ್ ಎಂದರೆ 400 ಪಟ್ಟು ಅಲೆ. ತಳವೂ ಹೊರಕ್ಕೆ ಬಾಗಿರುವುದನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು 29 ಮೈಕ್ರಾನ್. ಎರಡು ರೋಟರ್‌ಗಳ ನಡುವಿನ ಇಡೀ ಸಂದೇ ಈ ಅಳತೆಯದು. ನುಣ್ಣನೆಯ ತಟ್ಟೆ ಎಂದುಕೊಂಡು ಮಾಡಿದ ಸಿಮ್ಯುಲೇಷನ್‌ಗೆ ಇದು ಕಾಣುವುದೇ ಇಲ್ಲ. ಬ್ಲೇಡ್ ಬ್ಲೇಡ್ ಆಗಿ, ಪ್ರತಿ ಬ್ಲೇಡ್‌ಗೂ ಅದರದೇ ಎತ್ತರ ಕೊಟ್ಟು ಓಡಿಸಿದರೆ ಮಾತ್ರ ಕಾಣುತ್ತದೆ. ಕಟರ್ ಜೋಡಿಸುವವನು ಡಯಲ್ ಗೇಜ್ ಹಿಡಿದು ಒಂದೊಂದೇ ಬ್ಲೇಡ್‌ನ ಎತ್ತರ ನೋಡುತ್ತ ಗಂಟೆಗಟ್ಟಲೆ ಕೂರುವುದಕ್ಕೆ ಇದೇ ಕಾರಣ. ಆ ತಾಳ್ಮೆಗೆ ಶಾಪ್‌ನಲ್ಲಿ ಸಿಗುವ ಮರ್ಯಾದೆ ಸಾಲದು.

ತಟ್ಟೆ ಕಟರ್ ಒಂದೇ ದಾರಿಯಲ್ಲ. ಒಂದೆರಡು ರೋಟರ್ ಮಾತ್ರ ಬೇಕಿದ್ದರೆ ಐದು ಅಕ್ಷದ ಮೆಷಿನ್‌ನಲ್ಲಿ ತುದಿ ಗುಂಡಗಿರುವ ಸಣ್ಣ ಕಟರ್, ಅಂದರೆ ಬಾಲ್ ನೋಸ್ ಎಂಡ್ ಮಿಲ್ ಹಿಡಿದು ಗೆರೆ ಗೆರೆಯಾಗಿ ಕತ್ತರಿಸಬಹುದು. ವಿಶೇಷ ಕಟರ್ ಬೇಡ, ಆದರೆ ಸಮಯ ಬಹಳ ಹಿಡಿಯುತ್ತದೆ. ಮೂಳೆಗೆ ಹಾಕುವ ಟೈಟೇನಿಯಂ ಸ್ಕ್ರೂ, ಬಾಲ್ ಸ್ಕ್ರೂ, ಕೆಸರಿನಂಥ ದ್ರವ ಎತ್ತುವ ಪಂಪ್‌ಗಳ ಉದ್ದನೆಯ ರೋಟರ್‌ಗಳಿಗೆ ವರ್ಲಿಂಗ್ ಬಳಸುತ್ತಾರೆ. ಅಲ್ಲಿ ಬ್ಲೇಡ್‌ಗಳಿರುವುದು ಒಂದು ಉಂಗುರದ ಒಳಬದಿಯಲ್ಲಿ, ಜಾಬ್ ಆ ಉಂಗುರದ ನಡುವೆ ಕೇಂದ್ರ ತಪ್ಪಿ ಹಾದುಹೋಗುತ್ತದೆ. ಉಂಗುರ ಜಾಬ್ ಅನ್ನು ತಬ್ಬಿಕೊಳ್ಳುವುದರಿಂದ ಸಂಪರ್ಕ ಉದ್ದ, ಅಲೆ ಸಣ್ಣದು, ಒಂದೇ ಪಾಸ್‌ನಲ್ಲಿ ಪೂರ್ತಿ ಆಳ. ಲೆಕ್ಕ ಮಾತ್ರ ಅದೇ. ವೃತ್ತಗಳನ್ನು ಸುರುಳಿಯ ಉದ್ದಕ್ಕೆ ತಿರುಗಿಸಿ ಸಮತಲಕ್ಕೆ ಇಳಿಸುವುದು, ಅಂಚು ಹಿಡಿಯುವುದು. ಡ್ರಿಲ್ ಬಿಟ್‌ನ ಸುರುಳಿ ತಗ್ಗನ್ನು (ಫ್ಲೂಟ್) ಗ್ರೈಂಡ್ ಮಾಡುವವರು ಇದನ್ನೇ ಇನ್ನೊಂದು ತುದಿಯಿಂದ ಹಿಡಿಯುತ್ತಾರೆ. ಅವರ ಬಳಿ ಇರುವುದು ಸ್ಟ್ಯಾಂಡರ್ಡ್ ಚಕ್ರ. ಅದನ್ನು ಯಾವ ಕೋನದಲ್ಲಿ, ಎಷ್ಟು ದೂರದಲ್ಲಿ ನಿಲ್ಲಿಸಿದರೆ ಬಿಟ್‌ನ ನಡುವೆ ಬೇಕಾದ ಕೋರ್ ದಪ್ಪವೂ ಕತ್ತರಿಸುವ ಅಂಚಿಗೆ ಬೇಕಾದ ಓರೆಯೂ (ರೇಕ್ ಕೋನ) ಸಿಗುತ್ತದೆ ಎಂದು ಹುಡುಕಬೇಕು.

ಮಿಲ್ಲಿಂಗ್ ಮುಗಿದ ಮೇಲೆ ಇವತ್ತಿನ ಹೆಚ್ಚಿನ ರೋಟರ್‌ಗಳು ಗ್ರೈಂಡಿಂಗ್‌ಗೆ ಹೋಗುತ್ತವೆ. ಅಲ್ಲಿ ಬಿಸಿಯ ಲೆಕ್ಕ ಬಹಳ ಮುಖ್ಯ. ಉಕ್ಕು ಮೀಟರ್‌ಗೆ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 200 ಮಿ.ಮೀ. ರೋಟರ್ 5 ಡಿಗ್ರಿ ಬಿಸಿಯಾಗಿದ್ದರೆ ವ್ಯಾಸ 11 ಮೈಕ್ರಾನ್‌ಗೂ ಹೆಚ್ಚು ಹಿಗ್ಗಿರುತ್ತದೆ. ಮೆಷಿನ್ ಮೇಲೆ ಸರಿಯಾಗಿ ಅಳತೆ ಬಂದ ರೋಟರ್, ತಣ್ಣಗಾದ ಮೇಲೆ ಅಳತೆ ಕೋಣೆಯಲ್ಲಿ ಚಿಕ್ಕದಾಗಿ ಕಾಣುತ್ತದೆ.

ಅಳತೆಯ ಗ್ರಾಫ್ ಕೈಗೆ ಬಂದಾಗ ಸಿಮ್ಯುಲೇಷನ್ ಮತ್ತೊಮ್ಮೆ ನೆರವಿಗೆ ಬರುತ್ತದೆ. ಎರಡೂ ಗೋಡೆಗಳಲ್ಲಿ ಲೋಹ ಹೆಚ್ಚು ಉಳಿದು ತಳವೂ ಎತ್ತರವಿದ್ದರೆ ಅಕ್ಷಗಳ ನಡುವಿನ ದೂರ ಜಾಸ್ತಿಯಾಗಿದೆ. ಒಂದು ಗೋಡೆ ದಪ್ಪ, ಇನ್ನೊಂದು ಅಷ್ಟೇ ತೆಳು ಆದರೆ ಕಟರ್ ತನ್ನ ಅಕ್ಷದ ಉದ್ದಕ್ಕೆ ಸರಿದಿದೆ. ತಳ ಸರಿಯಿದ್ದು ಮೇಲಕ್ಕೆ ಹೋದ ಹಾಗೆ ತಪ್ಪು ಬೆಳೆಯುತ್ತಿದ್ದರೆ ನಿಲ್ಲಿಸಿದ ಕೋನವನ್ನು ಅನುಮಾನಿಸಬೇಕು. ಈ ಒಂದೊಂದು ತಪ್ಪನ್ನೂ ಮೊದಲೇ ಸಿಮ್ಯುಲೇಷನ್‌ನಲ್ಲಿ ಬೇಕೆಂದೇ ಹಾಕಿ, ಗ್ರಾಫ್ ಹೇಗೆ ಬರುತ್ತದೆ ಎಂದು ಚಿತ್ರ ಮಾಡಿಟ್ಟುಕೊಂಡರೆ, ನಿಜವಾದ ಗ್ರಾಫ್ ಬಂದಾಗ ಕಾರಣ ಹುಡುಕಲು ರೋಟರ್ ಮೇಲೆ ರೋಟರ್ ಕತ್ತರಿಸಬೇಕಾಗಿಲ್ಲ.

ಗ್ರೈಂಡಿಂಗ್ ಚಕ್ರಕ್ಕೆ ಮಾತ್ರ ಲೆಕ್ಕ ಒಮ್ಮೆ ಮಾಡಿದರೆ ಮುಗಿಯುವುದಿಲ್ಲ. ಚಕ್ರ ಸವೆದಾಗ ಡ್ರೆಸ್ ಮಾಡುತ್ತಾರೆ, ಅಂದರೆ ಮೇಲ್ಪದರ ತೆಗೆದು ಮತ್ತೆ ಆಕಾರಕ್ಕೆ ತರುತ್ತಾರೆ, ವ್ಯಾಸ ಇಳಿಯುತ್ತದೆ. ವ್ಯಾಸ ಇಳಿದರೆ ಸಂಪರ್ಕ ರೇಖೆ ಸರಿಯುತ್ತದೆ, ಹಳೆಯ ಪ್ರೊಫೈಲ್ ಇನ್ನು ಹೊಂದುವುದಿಲ್ಲ. ಅದಕ್ಕೇ ಗ್ರೈಂಡಿಂಗ್ ಮೆಷಿನ್‌ನ ಕಂಟ್ರೋಲ್‌ನಲ್ಲೇ ಈ ಲೆಕ್ಕ ಕೂತಿರುತ್ತದೆ. ಪ್ರತಿ ಡ್ರೆಸಿಂಗ್‌ಗೂ ಚಕ್ರದ ಆಗಿನ ವ್ಯಾಸ ನೋಡಿ, ಗ್ರೂವ್‌ನಿಂದ ಚಕ್ರಕ್ಕೆ ಮತ್ತೆ ಮೊದಲಿನಿಂದ ಲೆಕ್ಕ ಹಾಕಿ, ಡೈಮಂಡ್ ಡ್ರೆಸರ್‌ಗೆ ಹೊಸ ದಾರಿ ಕೊಡುತ್ತದೆ.